ಕಪ್ಪೆಚಿಪ್ಪಿನಲ್ಲಿ ಕ್ಯಾಡ್ಮಿಯಂ ಸಿಕ್ಕಿದೆ ಅಂದರೆ ಹೆದರಬೇಕಾ?

ನಮ್ಮ ಕರಾವಳಿಯ ಯಾವುದೋ ಒಂದು ಅಳಿವೆಯ ಕಪ್ಪೆಚಿಪ್ಪಿನಲ್ಲಿ ಕೆಜಿಗೆ 2.5 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಸಿಕ್ಕಿದೆ ಅಂತ ನಾಳೆ ಸುದ್ದಿ ಬಂತು ಅಂತಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ಗೊತ್ತುಮಾಡುವ ಕೋಡೆಕ್ಸ್ ಆಯೋಗ ಇಂಥ ಚಿಪ್ಪಿಗೆ ಹಾಕಿರುವ ಮಿತಿ 2 ಮಿಲಿಗ್ರಾಂ. ಮಿತಿ ಮೀರಿತು, ಅಲ್ವಾ? ಮಧ್ಯಾಹ್ನದೊಳಗೆ ಸುದ್ದಿ ವಾಟ್ಸಾಪ್ ತುಂಬ ಓಡಾಡುತ್ತದೆ. ಸಂಜೆ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಹತ್ತಿರ ಯಾರೂ ಸುಳಿಯುವುದಿಲ್ಲ.

ಆದರೆ ಆ ವರದಿಯ ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಒಣ ತೂಕದ ಲೆಕ್ಕ’ ಅಂತ ಇದ್ದರೆ ಕತೆಯೇ ಬೇರೆ. ಲ್ಯಾಬಿನಲ್ಲಿ ಚಿಪ್ಪಿನ ಮಾಂಸವನ್ನು ಸಾಮಾನ್ಯವಾಗಿ ಮೊದಲು ಒಣಗಿಸುತ್ತಾರೆ, ಪುಡಿ ಮಾಡುತ್ತಾರೆ, ಆಮ್ಲದಲ್ಲಿ ಕರಗಿಸುತ್ತಾರೆ, ಆಮೇಲೆ ಯಂತ್ರಕ್ಕೆ ಕೊಡುತ್ತಾರೆ. ಹಸಿ ಮಾಂಸದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಒಣಗಿಸಿದಾಗ ನೀರು ಹೋಗುತ್ತದೆ, ಲೋಹ ಹೋಗುವುದಿಲ್ಲ. ತೂಕ ಐದನೇ ಒಂದು ಭಾಗಕ್ಕೆ ಇಳಿದಿರುವುದರಿಂದ ಕೆಜಿ ಲೆಕ್ಕದಲ್ಲಿ ಲೋಹ ಐದು ಪಟ್ಟು ಜಾಸ್ತಿ ಕಾಣುತ್ತದೆ. ಒಣ ತೂಕದ 2.5 ಅಂದರೆ ಹಸಿ ತೂಕದಲ್ಲಿ 0.5. ಕೋಡೆಕ್ಸ್ ಮಿತಿ ಇರುವುದು ನಾವು ತಿನ್ನುವ ಹಸಿ ಮಾಂಸಕ್ಕೆ. ಅಂದರೆ ಸಿಕ್ಕಿದ್ದು ಮಿತಿಯ ಕಾಲು ಭಾಗ.

ಹಾಗಾದರೆ ಭಯವಿಲ್ಲ ಅಂತ ಅಲ್ಲಿಗೇ ಕೈ ತೊಳೆದುಕೊಳ್ಳಬಹುದಾ? ಅದೂ ಆಗುವುದಿಲ್ಲ. ಮಿತಿಯ ಕಾಲು ಭಾಗವಿರುವ ಚಿಪ್ಪು ಬೆಂಗಳೂರಿನಿಂದ ಗೋಕರ್ಣಕ್ಕೆ ಬಂದು ಒಂದು ಸಲ ಸುಕ್ಕಾ ತಿಂದು ಹೋಗುವವರಿಗೆ ಏನೂ ಮಾಡದು. ಅದೇ ಚಿಪ್ಪು ದಿನಾ ಊಟಕ್ಕೆ ಬರುವ ಮನೆಯ ಮಗುವಿನ ವಿಷಯದಲ್ಲಿ ಕೂತು ಲೆಕ್ಕ ಹಾಕಬೇಕಾಗುತ್ತದೆ. ಚಿಪ್ಪಿನಲ್ಲಿ ಎಷ್ಟಿದೆ ಎಂಬ ಪ್ರಶ್ನೆಗೆ ಯಂತ್ರ ಉತ್ತರ ಕೊಡುತ್ತದೆ. ಅಪಾಯ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಯಾರು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಎಷ್ಟು ತಿಂಗಳು ತಿನ್ನುತ್ತಾರೆ ಅಂತ ಅಳಿವೆಯ ದಂಡೆಯ ಮನೆಗಳಿಗೇ ಹೋಗಿ ಕೇಳಬೇಕು. ನಮ್ಮಲ್ಲಿ ಮೊದಲ ಕೆಲಸ ಆಗಾಗ ಆಗುತ್ತದೆ, ಎರಡನೆಯದು ಅಪರೂಪ. ಈ ಕೊರತೆ ನನಗೆ ಸಣ್ಣದಾಗಿ ಕಾಣುವುದಿಲ್ಲ.

ವಿಜ್ಞಾನಿಗಳು ವಿಷಕಾರಿ ಗುಣ ಮತ್ತು ಅಪಾಯ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಅಂಗಳದಲ್ಲಿ ಕಟ್ಟೆ ಇಲ್ಲದ ಬಾವಿ ಇದೆ ಅನ್ನಿ. ಬಾವಿಯ ಆಳ ಅದರ ಗುಣ. ಮನೆಯಲ್ಲಿ ಆಡುವ ಮಗು ಇದೆಯಾ, ಅದು ಬಾವಿಯ ಹತ್ತಿರ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಅಪಾಯ ನಿಲ್ಲುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಕೆಟ್ಟದ್ದು, ಮೂಳೆಗೂ ಕೆಟ್ಟದ್ದು ಎನ್ನುವುದು ಅದರ ಗುಣ. ಅದು ಯಾರ ಹೊಟ್ಟೆಗೆ ಎಷ್ಟು ಸೇರುತ್ತದೆ ಎನ್ನುವುದು ಬೇರೆ ಲೆಕ್ಕ.

ಆ ಲೆಕ್ಕವನ್ನೇ ಮಾಡಿ ನೋಡೋಣ. ಪೆನ್ನು, ಕಾಗದ ಸಾಕು. ಕೆಳಗಿನ ಊಟದ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಮಿತಿಗಳು ನಿಜವಾದವು.

ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2010ರಲ್ಲಿ ಕ್ಯಾಡ್ಮಿಯಂಗೆ ಒಂದು ಮಿತಿ ಹೇಳಿತು: ದೇಹದ ತೂಕದ ಪ್ರತಿ ಕೆಜಿಗೆ ತಿಂಗಳಿಗೆ 25 ಮೈಕ್ರೋಗ್ರಾಂ. 50 ಕೆಜಿ ತೂಕದ ಹೆಂಗಸಿಗೆ ಅದು ತಿಂಗಳಿಗೆ 1,250 ಮೈಕ್ರೋಗ್ರಾಂ ಆಯಿತು. ಅವರು ವಾರಕ್ಕೆ ಎರಡು ಸಲ, ಸಲಕ್ಕೆ 150 ಗ್ರಾಂ ಚಿಪ್ಪಿನ ಮಾಂಸ ತಿಂದರೆ ವಾರಕ್ಕೆ 300 ಗ್ರಾಂ. ಕೆಜಿಗೆ 0.5 ಮಿಲಿಗ್ರಾಂ ಅಂದರೆ ಗ್ರಾಮಿಗೆ 0.5 ಮೈಕ್ರೋಗ್ರಾಂ. ವಾರಕ್ಕೆ 150, ತಿಂಗಳಿಗೆ ಸುಮಾರು 645 ಮೈಕ್ರೋಗ್ರಾಂ ಹೊಟ್ಟೆಗೆ ಹೋಯಿತು. ಮಿತಿಯ ಅರ್ಧಕ್ಕಿಂತ ಒಂಚೂರು ಮೇಲೆ. ಹೀಗೆ ಹೊಟ್ಟೆಗೆ ಹೋದದ್ದನ್ನು ಮಿತಿಯಿಂದ ಭಾಗಿಸಿದಾಗ ಬರುವ ಅಂಕಿಯೇ ಅಪಾಯದ ಅನುಪಾತ. ಅದು 1ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಪರವಾಗಿಲ್ಲ, 1 ದಾಟಿದರೆ ಎಚ್ಚರವಾಗಬೇಕು. ಇಲ್ಲಿ ಬಂದದ್ದು 0.52.

ಈಗ ಅದೇ ಮನೆಯ 15 ಕೆಜಿಯ ಮಗುವನ್ನು ನೋಡಿ. ಅದರ ತಟ್ಟೆಗೆ ಬೀಳುವುದು ಸಲಕ್ಕೆ 60 ಗ್ರಾಂ ಅಷ್ಟೇ. ವಾರಕ್ಕೆ ಎರಡು ಸಲ ಅಂದರೆ 120 ಗ್ರಾಂ, ಅದರಲ್ಲಿ 60 ಮೈಕ್ರೋಗ್ರಾಂ ಕ್ಯಾಡ್ಮಿಯಂ. ಮಗುವಿನ ಮಿತಿ ತಿಂಗಳಿಗೆ 375, ಅಂದರೆ ವಾರಕ್ಕೆ ಸುಮಾರು 87 ಮೈಕ್ರೋಗ್ರಾಂ. ಅನುಪಾತ 0.69. ಅಮ್ಮನ ಅರ್ಧದಷ್ಟೂ ತಿನ್ನದ ಮಗು ಅಮ್ಮನಿಗಿಂತ ಮಿತಿಗೆ ಹತ್ತಿರವಾಯಿತು. ತೂಕ ಕಡಿಮೆ ಇರುವ ದೇಹಕ್ಕೆ ಸಣ್ಣ ತುತ್ತೂ ದೊಡ್ಡದೇ.

ಇನ್ನು ಚಿಪ್ಪು ಹೆಕ್ಕುವವರ ಮನೆ. ಸುಗ್ಗಿಯ ತಿಂಗಳುಗಳಲ್ಲಿ ಅವರ ಮನೆಯಲ್ಲಿ ದಿನಾ ಅದೇ ಸಾರು, ಅದೇ ಪಲ್ಯ. 50 ಕೆಜಿ ತೂಕದವರು ದಿನಕ್ಕೆ 150 ಗ್ರಾಂ ತಿಂದರೆ ತಿಂಗಳಿಗೆ 2,250 ಮೈಕ್ರೋಗ್ರಾಂ. ಅನುಪಾತ 1.8. ಮಿತಿ ದಾಟಿತು. ಆದರೆ ಕ್ಯಾಡ್ಮಿಯಂ ಒಂದು ದಿನದಲ್ಲಿ ಕೆಲಸ ಮಾಡುವ ವಿಷವಲ್ಲ. ಅದು ಮೂತ್ರಪಿಂಡದಲ್ಲಿ ವರ್ಷಗಟ್ಟಲೆ, ದಶಕಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತದೆ. ತಜ್ಞರು ದಿನದ ಮಿತಿ ಹೇಳದೆ ತಿಂಗಳ ಮಿತಿ ಹೇಳಿದ್ದು ಅದಕ್ಕೇ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಹೀಗೆ ತಿಂದು ಉಳಿದ ಎಂಟು ತಿಂಗಳು ಚಿಪ್ಪು ಮುಟ್ಟದಿದ್ದರೆ ಸರಾಸರಿ ತಿಂಗಳಿಗೆ 750ಕ್ಕೆ ಇಳಿಯುತ್ತದೆ, ಅನುಪಾತ 0.6. ಎಂಟು ತಿಂಗಳು ತಿಂದರೆ 1.2. ಹಾಗಾಗಿ ಸುಗ್ಗಿ ಎಷ್ಟು ತಿಂಗಳು ಎಂಬ ಸಾದಾ ಪ್ರಶ್ನೆಯೇ ಉತ್ತರವನ್ನು ತಿರುಗಿಸಿಬಿಡುತ್ತದೆ. ಅದನ್ನು ಹೇಳಬಲ್ಲವರು ಹೆಕ್ಕುವವರೇ. ಮೇಲಿಂದ ಅನ್ನ, ಸೊಪ್ಪು, ತರಕಾರಿಯಿಂದಲೂ ಸ್ವಲ್ಪ ಕ್ಯಾಡ್ಮಿಯಂ ಸೇರುತ್ತದೆ, ಬೀಡಿ ಸೇದುವವರಿಗೆ ಹೊಗೆಯಿಂದಲೂ ಸೇರುತ್ತದೆ. ಅದನ್ನೂ ಕೂಡಿಸಬೇಕು.

ಇನ್ನೊಂದು ತೊಡಕು ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಹೇಳಿದ ಮಿತಿ ವಾರಕ್ಕೆ, ದೇಹತೂಕದ ಪ್ರತಿ ಕೆಜಿಗೆ 2.5 ಮೈಕ್ರೋಗ್ರಾಂ. 50 ಕೆಜಿಗೆ ವಾರಕ್ಕೆ 125. ನಮ್ಮ ಲೆಕ್ಕದ ಹೆಂಗಸು ತಿಂದದ್ದು 150. ಒಂದು ಸಮಿತಿಯ ಪ್ರಕಾರ ಅರ್ಧ ಮಿತಿ, ಇನ್ನೊಂದರ ಪ್ರಕಾರ ಮಿತಿ ಮೀರಿದೆ! ಇಬ್ಬರೂ ಹೆಚ್ಚುಕಡಿಮೆ ಅದೇ ಅಧ್ಯಯನಗಳನ್ನು ನೋಡಿದವರು. ಮನುಷ್ಯರಿಂದ ಮನುಷ್ಯರಿಗೆ ಇರುವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ರೀತಿ ಬೇರೆ, ಅಷ್ಟೇ. ಇದರಿಂದ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮಿತಿ ಅನ್ನುವುದು ಆ ಕಡೆ ಆರೋಗ್ಯ, ಈ ಕಡೆ ರೋಗ ಅಂತ ಎಳೆದ ಗೆರೆಯಲ್ಲ. ಎಷ್ಟು ಜಾಗ್ರತೆ ಬೇಕು ಅಂತ ಕೂತು ತೀರ್ಮಾನಿಸಿದ ಗೆರೆ. ಪ್ರಾಣಿಗಳ ಮೇಲಿನ ಪ್ರಯೋಗದಿಂದ ಮಿತಿ ಹೊರಡಿಸುವಾಗ ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10ರಿಂದ, ಮನುಷ್ಯರೊಳಗಿನ ವ್ಯತ್ಯಾಸಕ್ಕೆ ಮತ್ತೆ 10ರಿಂದ ಭಾಗಿಸುವ ರೂಢಿಯೂ ಇದೆ. ಸೀಸದ ವಿಷಯದಲ್ಲಂತೂ ಅದೇ ಜಂಟಿ ಸಮಿತಿ 2010ರಲ್ಲಿ ತನ್ನ ಹಳೆಯ ಮಿತಿಯನ್ನೇ ವಾಪಸ್ ತೆಗೆದುಕೊಂಡಿತು. ಮಕ್ಕಳ ಬುದ್ಧಿ ಬೆಳವಣಿಗೆಗೆ ಇಷ್ಟರವರೆಗೆ ತೊಂದರೆಯಿಲ್ಲ ಅಂತ ಹೇಳಬಲ್ಲ ಪ್ರಮಾಣವೇ ಅದಕ್ಕೆ ಸಿಗಲಿಲ್ಲ.

ಇಷ್ಟು ಮೀನು ಇರುವಾಗ ಚಿಪ್ಪಿನ ಮೇಲೇ ಯಾಕೆ ಕಣ್ಣು? ಬೆಳಚು, ಮರುವಾಯಿ, ಪಚ್ಚಿಲೆ ಹೀಗೆ ಕಪ್ಪೆಚಿಪ್ಪಿನ ಬಗೆಗಳೆಲ್ಲವೂ ನೀರನ್ನು ಸೋಸಿ ಬದುಕುವ ಜೀವಿಗಳು. ಒಂದು ಬೆಳೆದ ಪಚ್ಚಿಲೆ ಗಂಟೆಗೆ ಒಂದು ಲೀಟರಿಗೂ ಜಾಸ್ತಿ ನೀರನ್ನು ಕಿವಿರಿನ ಮೂಲಕ ಹಾಯಿಸುತ್ತದೆ. ಅದರಲ್ಲಿರುವ ಸೂಕ್ಷ್ಮ ಪಾಚಿ ಅದರ ಊಟ. ಪಾಚಿಯ ಜೊತೆಗೆ ಕೆಸರಿನ ಕಣ, ಕಣಕ್ಕೆ ಅಂಟಿದ ಲೋಹ, ಎಣ್ಣೆಯ ಅಂಶ ಎಲ್ಲ ಒಳಗೆ ಬರುತ್ತದೆ. ಮೀನಾದರೆ ನೀರು ಕೆಟ್ಟಾಗ ಓಡಿಹೋದೀತು. ಇವು ಇದ್ದಲ್ಲೇ ಇರುತ್ತವೆ. ಕ್ಯಾಡ್ಮಿಯಂ ಒಳಗೆ ಬಂದರೆ ಅದನ್ನು ಒಂದು ಬಗೆಯ ಪ್ರೋಟೀನಿಗೆ ಕಟ್ಟಿ ಇಟ್ಟುಕೊಳ್ಳುತ್ತವೆ. ಹಾಗೆ ಕಟ್ಟಿಟ್ಟದ್ದರಿಂದ ಚಿಪ್ಪಿಗೆ ಅದರ ಕಾಟ ಕಡಿಮೆ, ತಿನ್ನುವವರಿಗೆ ಅಷ್ಟೂ ಬರುತ್ತದೆ.

ಈ ಗುಣವನ್ನೇ ಬಳಸಿಕೊಂಡು ಕರಾವಳಿಯ ಆರೋಗ್ಯ ನೋಡಬಹುದು ಅಂತ 1975ರಲ್ಲಿ ಅಮೆರಿಕದ ಎಡ್ವರ್ಡ್ ಗೋಲ್ಡ್‌ಬರ್ಗ್ ಸೂಚಿಸಿದರು. 1986ರಿಂದ ಅಲ್ಲಿನ ಸರ್ಕಾರವೇ ಕರಾವಳಿಯುದ್ದಕ್ಕೂ ಚಿಪ್ಪುಗಳನ್ನು ತೆಗೆದು ಅಳೆಯುವ ಕಾರ್ಯಕ್ರಮ ಶುರು ಮಾಡಿತು. ನೀರನ್ನು ಒಂದು ಬಾಟಲಿ ತುಂಬಿ ತಂದರೆ ಆ ಕ್ಷಣದ ನೀರು ಮಾತ್ರ ಗೊತ್ತಾಗುತ್ತದೆ. ರಾತ್ರಿ ಯಾರೋ ಕೊಳವೆ ಬಿಟ್ಟು ಬೆಳಿಗ್ಗೆ ಮುಚ್ಚಿದ್ದರೆ ಅದು ಬಾಟಲಿಗೆ ಸಿಗುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಸೋಸುತ್ತಾ ಕೂತ ಚಿಪ್ಪಿಗೆ ಸಿಕ್ಕಿರುತ್ತದೆ.

ಆದರೆ ಚಿಪ್ಪನ್ನು ಓದುವುದಕ್ಕೂ ಕಲಿಯಬೇಕು. ನಮ್ಮಲ್ಲಿ ಪಚ್ಚಿಲೆ ಕೃಷಿ ಹೇಗೆ ನಡೆಯುತ್ತದೆ ನೋಡಿ. ಬಂಡೆಯಿಂದ ತೆಗೆದ ಮರಿಗಳನ್ನು ಹಗ್ಗದ ಸುತ್ತ ಹರಡಿ, ಹತ್ತಿಯ ಬಲೆಬಟ್ಟೆ ಸುತ್ತಿ ಹೊಲಿಯುತ್ತಾರೆ. ಬಿದಿರಿನ ಚಪ್ಪರ ಕಟ್ಟಿ ಹಗ್ಗಗಳನ್ನು ಅಳಿವೆಯ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಕ್ಕೆ ಬಟ್ಟೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಮರಿಗಳು ತಮ್ಮ ನಾರಿನಿಂದ ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮಳೆ ನಿಂತು ನೀರು ಉಪ್ಪಾದ ಮೇಲೆ ಶುರುವಾಗಿ, ಮತ್ತೆ ಮಳೆಗಾಲ ಬಂದು ನೀರು ಸಿಹಿಯಾಗುವ ಮುಂಚೆ ಕೊಯ್ಲು ಮುಗಿಯಬೇಕು. ಈ ಕೆಲವೇ ತಿಂಗಳಲ್ಲಿ ಬೆಳೆದ ಚಿಪ್ಪಿಗೂ ಬಂಡೆಯ ಮೇಲೆ ವರ್ಷಗಟ್ಟಲೆ ಕೂತ ಚಿಪ್ಪಿಗೂ ಲೋಹದ ಪ್ರಮಾಣ ಒಂದೇ ಇರಬೇಕಿಲ್ಲ. ಒಂದನ್ನು ಅಳೆದು ಇನ್ನೊಂದರ ಬಗ್ಗೆ ಹೇಳಿದರೆ ತಪ್ಪಾಗುತ್ತದೆ.

ಮೊಟ್ಟೆ ಬಿಡುವ ಮುಂಚೆ ಚಿಪ್ಪಿನ ಮಾಂಸ ತುಂಬಿಕೊಂಡಿರುತ್ತದೆ. ಬಿಟ್ಟ ಮೇಲೆ ಸೊರಗುತ್ತದೆ. ಒಳಗಿನ ಲೋಹ ಹೆಚ್ಚುಕಡಿಮೆ ಅಷ್ಟೇ ಇದ್ದು ಮಾಂಸ ಮಾತ್ರ ಕಮ್ಮಿಯಾದರೆ ಕೆಜಿ ಲೆಕ್ಕದಲ್ಲಿ ಮಾಲಿನ್ಯ ಏರಿದ ಹಾಗೆ ಕಾಣುತ್ತದೆ. ಹೊಳೆಗೆ ಯಾರೂ ಏನೂ ಸುರಿದಿರುವುದಿಲ್ಲ. ಇನ್ನು ಆಯ್ಸ್ಟರ್ ಎಂಬ ಇನ್ನೊಂದು ಬಗೆಯ ಚಿಪ್ಪಂತೂ ಸತು, ತಾಮ್ರ ಎರಡನ್ನೂ ಪಚ್ಚಿಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಕೋಡೆಕ್ಸ್‌ನ ಆ 2 ಮಿಲಿಗ್ರಾಂ ಮಿತಿ ಆಯ್ಸ್ಟರ್‌ಗೆ ಅನ್ವಯಿಸುವುದೇ ಇಲ್ಲ. ಒಂದು ಊರಿನ ಆಯ್ಸ್ಟರನ್ನು ಇನ್ನೊಂದು ಊರಿನ ಪಚ್ಚಿಲೆಗೆ ಹೋಲಿಸಿ ‘ಅಲ್ಲಿ ಮಾಲಿನ್ಯ ಜಾಸ್ತಿ’ ಅನ್ನುವ ವಾದಕ್ಕೆ ಬುಡವಿಲ್ಲ.

ಚಿಪ್ಪಿನ ಹೊಟ್ಟೆಯ ಕೆಸರಿನದ್ದು ಇನ್ನೊಂದು ಸೂಕ್ಷ್ಮ. ಲ್ಯಾಬಿನವರು ಕೆಲವು ಸಲ ಚಿಪ್ಪನ್ನು ಒಂದು ದಿನ ಶುದ್ಧ ಕಡಲನೀರಿನಲ್ಲಿ ಇಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ. ಇಲ್ಲದಿದ್ದರೆ ಮಾಂಸದ ಲೋಹದ ಜೊತೆ ಮಣ್ಣಿನ ಲೋಹವೂ ಅಳತೆಗೆ ಬರುತ್ತದೆ. ಕಡಲಿನ ಸ್ಥಿತಿ ತಿಳಿಯಲು ಇದು ಸರಿಯಾದ ಕ್ರಮ. ಆದರೆ ಮನೆಯಲ್ಲಿ ಆ ಕೆಸರನ್ನೂ ಸೇರಿಸಿಯೇ ತಿನ್ನುತ್ತಾರೆ ಅಂದರೆ ತಿನ್ನುವವರ ಲೆಕ್ಕಕ್ಕೆ ಕೆಸರೂ ಸೇರಬೇಕು. ಕೆಲವರು ಚಿಪ್ಪನ್ನು ನೀರಲ್ಲಿ ಹಾಕಿಟ್ಟು ಮರಳು ಬಿಡಿಸುತ್ತಾರೆ, ಕೆಲವರು ಹಾಗೇ ಬೇಯಿಸುತ್ತಾರೆ, ಬೇಯಿಸಿದ ನೀರನ್ನು ಸಾರಿಗೆ ಬಳಸುವವರೂ ಇದ್ದಾರೆ. ಅಡುಗೆಮನೆಯಲ್ಲಿ ಹೇಗೆ ಮಾಡುತ್ತಾರೋ ಹಾಗೇ ಮಾಡಿ ಅಳೆದಾಗ ಸಿಗುವ ಅಂಕಿಯೇ ಅವರ ಅಂಕಿ.

ಈಗ ಚಿಪ್ಪಿನಿಂದ ಮಣ್ಣಿಗೆ ಬರೋಣ. ಅಳಿವೆ ಸುಮ್ನೆ ನದಿ ಕಡಲು ಸೇರುವ ಜಾಗವಲ್ಲ. ಸಿಹಿನೀರು ಉಪ್ಪುನೀರಿಗೆ ತಾಗಿದ ಕೂಡಲೇ ನೀರಲ್ಲಿ ಹರಡಿಕೊಂಡು ಬಂದ ಕಬ್ಬಿಣದ ಸೂಕ್ಷ್ಮ ಕಣಗಳು, ಜೇಡಿ ಎಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗಿ ತಳಕ್ಕೆ ಇಳಿಯುತ್ತವೆ. ಜೊತೆಗೆ ಸೀಸ, ತಾಮ್ರದಂಥ ಲೋಹಗಳನ್ನೂ ಎಳೆದುಕೊಂಡು ಹೋಗುತ್ತವೆ. ಘಟ್ಟದಿಂದ ಹೊಳೆ ಹೊತ್ತು ತಂದದ್ದರಲ್ಲಿ ಬಹಳಷ್ಟು ಹೀಗೆ ಅಳಿವೆಯ ಕೆಸರಿನಲ್ಲಿ ಉಳಿಯುತ್ತದೆ. ಬೆಳಚು ಬದುಕುವುದೂ ಅದೇ ಕೆಸರು-ಮರಳಿನಲ್ಲಿ. ತಳದಲ್ಲಿ ಆಮ್ಲಜನಕ ಇಲ್ಲದ ಕಪ್ಪು ಕೆಸರಿನಲ್ಲಿ ಲೋಹಗಳು ಗಂಧಕದ ಜೊತೆ ಗಟ್ಟಿಯಾಗಿ ಸೇರಿಕೊಂಡು ಸುಮ್ಮನಿರುತ್ತವೆ. ಮರಳು ತೆಗೆಯಲು, ಹೂಳೆತ್ತಲು ಅದನ್ನು ಕೆದಕಿದರೆ ಗಾಳಿ ತಾಗಿ ಬಿಡುಗಡೆಯಾಗುತ್ತವೆ. ಮರಳುಗಾರಿಕೆಗೆ ಅನುಮತಿ ಕೊಡುವಾಗ ಕೆಳಗಡೆ ಚಿಪ್ಪಿನ ಹಾಸು ಇದೆಯಾ ಅಂತ ನೋಡಲೇಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ಉಪ್ಪಿನ ಪ್ರಮಾಣವೂ ಆಟ ಆಡುತ್ತದೆ. ಕಡಲನೀರಿನಲ್ಲಿ ಕ್ಯಾಡ್ಮಿಯಂ ಕ್ಲೋರೈಡಿನ ಜೊತೆ ಸೇರಿಕೊಂಡಿರುತ್ತದೆ, ಚಿಪ್ಪಿನೊಳಗೆ ಸುಲಭಕ್ಕೆ ಹೋಗುವುದಿಲ್ಲ. ಉಪ್ಪು ಕಮ್ಮಿಯಾದಾಗ ಅದು ಬಿಡಿಯಾಗುತ್ತದೆ, ಚಿಪ್ಪು ಜಾಸ್ತಿ ಹೀರುತ್ತದೆ. ನೀರಿನಲ್ಲಿ ಕ್ಯಾಡ್ಮಿಯಂ ಅಷ್ಟೇ ಇದ್ದರೂ ಮಳೆ ಶುರುವಾದಾಗಿನ ಚಿಪ್ಪು, ಬೇಸಿಗೆಯ ಚಿಪ್ಪು ಬೇರೆ ಬೇರೆ.

ನಮ್ಮ ಕರಾವಳಿಗೆ ಇನ್ನೊಂದು ವಿಶೇಷ ಇದೆ, ಕೆಂಪು ಮುರಕಲ್ಲು. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣವಂತೂ ತುಂಬಿದೆ, ಕ್ರೋಮಿಯಂನಂಥ ಲೋಹಗಳೂ ಹುಟ್ಟಿನಿಂದಲೇ ಇರುತ್ತವೆ. ಅಳಿವೆಯ ಕೆಸರಿನಲ್ಲಿ ಕ್ರೋಮಿಯಂ ಸಿಕ್ಕ ಕೂಡಲೇ ಕಾರ್ಖಾನೆಯತ್ತ ಬೆರಳು ತೋರಿಸಿದರೆ ತಪ್ಪಾದೀತು. ಎಲ್ಲವೂ ಪ್ರಕೃತಿಯದ್ದೇ ಅಂತ ಕಾರ್ಖಾನೆಯವರು ಜಾರಿಕೊಳ್ಳಲೂ ಬಿಡಬಾರದು. ಇದಕ್ಕೆ ದಾರಿ ಇದೆ. ಅಲ್ಯೂಮಿನಿಯಂ ಮಣ್ಣಿನದೇ ಅಂಶ, ಮಾಲಿನ್ಯದಿಂದ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಅನುಪಾತವನ್ನು ಅಳಿವೆಯ ಕೆಸರಿನಲ್ಲೂ ಅದೇ ಹೊಳೆಯ ಮೇಲ್ಭಾಗದ, ಯಾರೂ ಮುಟ್ಟದ ಮಣ್ಣಿನಲ್ಲೂ ಅಳೆಯುತ್ತಾರೆ. ಎರಡೂ ಒಂದೇ ಇದ್ದರೆ ಅದು ಮಣ್ಣಿನ ಸ್ವಭಾವ. ಅಳಿವೆಯಲ್ಲಿ ಹಲವು ಪಟ್ಟು ಜಾಸ್ತಿ ಇದ್ದರೆ ಯಾರೋ ಸೇರಿಸಿದ್ದಾರೆ. ಈ ಹೋಲಿಕೆಗೆ ಬೇರೆ ದೇಶದ ಸರಾಸರಿ ಮಣ್ಣಿನ ಅಂಕಿ ಹಾಕಿದರೆ ಲೆಕ್ಕ ಕೆಡುತ್ತದೆ. ನಮ್ಮ ಘಟ್ಟದ ಮಣ್ಣೇ ಬೇಕು.

ಲೋಹದ ಹೆಸರು ಒಂದೇ ಇದ್ದರೂ ರೂಪ ಬೇರೆಯಾದರೆ ವಿಷವೂ ಬೇರೆ. ಕಡಲ ಜೀವಿಗಳಲ್ಲಿ ಆರ್ಸೆನಿಕ್ ಒಟ್ಟಾರೆ ಅಳೆದರೆ ಗಾಬರಿಯಾಗುವಷ್ಟು ಬರುತ್ತದೆ. ಅದರಲ್ಲಿ ಬಹುಪಾಲು ಆರ್ಸೆನೋಬೀಟೇನ್ ಎಂಬ ರೂಪದಲ್ಲಿ ಇರುತ್ತದೆ, ತಿಂದ ಮೇಲೆ ಮೂತ್ರದಲ್ಲಿ ಹಾಗೇ ಹೊರಗೆ ಹೋಗುತ್ತದೆ. ಕ್ಯಾನ್ಸರಿಗೆ ಕಾರಣವಾಗುವುದು ಇಂಗಾಲಕ್ಕೆ ಅಂಟದ ಅಜೈವಿಕ ಆರ್ಸೆನಿಕ್. ಅದು ಸಾಮಾನ್ಯವಾಗಿ ಸಣ್ಣ ಪಾಲು. ಒಟ್ಟು ಆರ್ಸೆನಿಕ್ ಹಿಡಿದು ಅಪಾಯದ ಲೆಕ್ಕ ಹಾಕಿದ ವರದಿಯನ್ನು ನಂಬಬೇಡಿ.

ಪಾದರಸದ್ದು ಇದಕ್ಕೆ ಉಲ್ಟಾ. ಅಲ್ಲಿ ಇಂಗಾಲಕ್ಕೆ ಅಂಟಿಕೊಂಡ ಮೀಥೈಲ್ ಪಾದರಸವೇ ಭಯಂಕರ. ಅದು ಸಣ್ಣ ಜೀವಿಯಿಂದ ದೊಡ್ಡ ಮೀನಿಗೆ ಹೋದಂತೆಲ್ಲ ಕೂಡುತ್ತಾ ಹೋಗುತ್ತದೆ. ಹಾಗಾಗಿ ಪಾಚಿ ತಿನ್ನುವ ಚಿಪ್ಪಿನಲ್ಲಿ, ಬೂತಾಯಿಯಂಥ ಸಣ್ಣ ಮೀನಿನಲ್ಲಿ ಸಾಮಾನ್ಯವಾಗಿ ಕಮ್ಮಿ, ಬೇರೆ ಮೀನು ತಿಂದು ಬದುಕುವ ದೊಡ್ಡ ಶಾರ್ಕಿನಲ್ಲಿ ಜಾಸ್ತಿ. ಜಪಾನಿನ ಮಿನಮಾಟಾದಲ್ಲಿ ಈ ನಿಯಮಕ್ಕೂ ಮೀರಿದ್ದು ನಡೆಯಿತು. ಅಲ್ಲಿನ ಚಿಸ್ಸೊ ಕಾರ್ಖಾನೆ ಮೀಥೈಲ್ ಪಾದರಸವನ್ನು ನೇರವಾಗಿ ಕೊಲ್ಲಿಗೇ ಬಿಟ್ಟಿತು. ಮೀನೂ ಕೆಟ್ಟಿತು, ಚಿಪ್ಪೂ ಕೆಟ್ಟಿತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರ ಮೇ ತಿಂಗಳಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಕಾರ್ಖಾನೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ನಡುವೆ ಹನ್ನೆರಡು ವರ್ಷ! ನರಳಿದವರಲ್ಲಿ ಹೆಚ್ಚಿನವರು ದಿನಾ ಆ ಕೊಲ್ಲಿಯ ಮೀನು ತಿನ್ನುತ್ತಿದ್ದ ಬೆಸ್ತರ ಮನೆಯವರು. ತಾಯಿಗೆ ಲಕ್ಷಣ ಅಷ್ಟಾಗಿ ಕಾಣದಿದ್ದರೂ ಹೊಟ್ಟೆಯಲ್ಲಿದ್ದ ಮಗು ಪೂರ್ತಿ ಪೆಟ್ಟು ತಿಂದ ಉದಾಹರಣೆಗಳು ಅಲ್ಲಿವೆ. ಅದಕ್ಕೇ ಇವತ್ತಿಗೂ ಪಾದರಸದ ಮಿತಿಯನ್ನು ಬಸುರಿಯರನ್ನು, ಹುಟ್ಟಲಿರುವ ಮಕ್ಕಳನ್ನು ಮುಂದಿಟ್ಟುಕೊಂಡೇ ನಿಗದಿ ಮಾಡುತ್ತಾರೆ. ಮೀಥೈಲ್ ಪಾದರಸಕ್ಕೆ ಜಂಟಿ ಸಮಿತಿ ಹೇಳುವುದು ವಾರಕ್ಕೆ, ದೇಹತೂಕದ ಕೆಜಿಗೆ 1.6 ಮೈಕ್ರೋಗ್ರಾಂ.

ತಿನ್ನುವವರಿಗೆ ಏನೂ ಆಗದೆ ಕೃಷಿಯೇ ಮುಳುಗಿಹೋಗುವುದೂ ಉಂಟು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿ ಆಯ್ಸ್ಟರ್ ಕೃಷಿಗೆ ಹೆಸರಾದ ಜಾಗ. 1970ರ ದಶಕದ ಕೊನೆಗೆ ಅಲ್ಲಿ ಮರಿಗಳೇ ಬದುಕಲಿಲ್ಲ. ಬೆಳೆದ ಆಯ್ಸ್ಟರ್‌ಗಳ ಚಿಪ್ಪು ಪದರ ಪದರವಾಗಿ ದಪ್ಪಗಾಗಿ ಒಳಗೆ ಮಾಂಸಕ್ಕೆ ಜಾಗವೇ ಉಳಿಯಲಿಲ್ಲ. ಕಾರಣ ದೋಣಿಗಳ ಬಣ್ಣ. ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲಿ ಅಂತ ಬಳಿಯುತ್ತಿದ್ದ ಬಣ್ಣದಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಇತ್ತು. ಲೀಟರಿಗೆ ಕೆಲವೇ ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವು ಪಾಲು ಇದ್ದರೂ ಮರಿಗಳಿಗೆ ಅದು ಸಾಕಾಗಿತ್ತು. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಸಣ್ಣ ದೋಣಿಗಳಲ್ಲಿ ಅದನ್ನು ನಿಷೇಧಿಸಿತು. ಕೊಲ್ಲಿ ಚೇತರಿಸಿಕೊಂಡಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ ಜಾರಿಗೆ ಬಂದದ್ದು ಮಾತ್ರ 2008ರಲ್ಲಿ. ತಿನ್ನುವವರ ಮಿತಿಯನ್ನಷ್ಟೇ ನೋಡಿದ್ದರೆ ಆರ್ಕಶೋನ್‌ನ ಕತೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಅಪಾಯದ ಲೆಕ್ಕ ಎರಡು ಬೇಕು, ತಿನ್ನುವವರಿಗೊಂದು, ಬೆಳೆಯುವ ಜೀವಿಗೊಂದು. ಎರಡನೆಯದರಲ್ಲಿ ಮರಿಯನ್ನೇ ಅಳತೆಗೋಲು ಮಾಡಬೇಕು. ಬಲಿತ ಚಿಪ್ಪು ತಡೆದುಕೊಳ್ಳುವುದನ್ನು ಮರಿ ತಡೆದುಕೊಳ್ಳುವುದಿಲ್ಲ.

ಎಣ್ಣೆಯದ್ದು ನಮ್ಮ ಕಡೆ ಕಂಡ ಕತೆ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಮಳೆಗಾಲದ ಅಲೆಗೆ ಹಡಗು ಒಡೆದು ಇಂಧನ ತೈಲ ಕಾರವಾರ, ಗೋವಾ ದಂಡೆಗಳಿಗೆ ಬಂತು. ಇಂಥ ಎಣ್ಣೆಯಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ. ಮೀನಿನ ಪಿತ್ತಜನಕಾಂಗ ಅವನ್ನು ಒಡೆದು ಹೊರಹಾಕುತ್ತದೆ. ಚಿಪ್ಪಿಗೆ ಆ ಶಕ್ತಿ ಬಹಳ ಕಮ್ಮಿ. ಎಣ್ಣೆ ಸೋರಿದ ಮೇಲೆ ಅದೇ ನೀರಿನ ಮೀನು ಬೇಗ ಸರಿಹೋಗಿ ಚಿಪ್ಪು ತಡವಾಗಿ ಸರಿಹೋಗುವುದು ಇದರಿಂದಲೇ. ಯುರೋಪಿನಲ್ಲಿ ಹಸಿ ಚಿಪ್ಪಿಗೆ ಬೆಂಜೋಪೈರೀನ್ ಮಿತಿ ಕೆಜಿಗೆ 5 ಮೈಕ್ರೋಗ್ರಾಂ.

ನೀರಿನಲ್ಲಿ ಪಂಜರ ಇಳಿಬಿಟ್ಟು ಸಾಕುವ ಮೀನು, ಸಿಗಡಿಯ ವಿಷಯದಲ್ಲಿ ನೀರಿಗಿಂತ ತಿನಿಸನ್ನು ನೋಡಬೇಕು. ಪಂಜರದ ಸೀಬಾಸ್‌ಗೆ ಹಾಕುವ ಕಚಡಾ ಮೀನಿನಲ್ಲಿ, ಗುಳಿಗೆ ತಿನಿಸಿನಲ್ಲಿ ಏನಿದೆಯೋ ಅದೇ ಅದರ ಮೈಗೆ ಬರುತ್ತದೆ. ಸಿಗಡಿಯಲ್ಲಿ ದೊಡ್ಡ ತಲೆನೋವು ಆ್ಯಂಟಿಬಯೋಟಿಕ್. ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್ ಎರಡನ್ನೂ ನಮ್ಮ ದೇಶದ ಸಿಗಡಿ ಕೃಷಿಯಲ್ಲಿ ಬಳಸುವಂತಿಲ್ಲ. ಯುರೋಪಿಗೆ ಹೋಗುವ ಸರಕಿನಲ್ಲಿ ಕ್ಲೋರಂಫೆನಿಕಾಲ್ ಕೆಜಿಗೆ 0.15 ಮೈಕ್ರೋಗ್ರಾಂ ಮುಟ್ಟಿದರೂ ವಾಪಸ್. ರಫ್ತಿನ ಸಿಗಡಿಗೆ ಇಷ್ಟು ಕಟ್ಟುನಿಟ್ಟು ಇದೆ. ಕುಮಟಾ, ಅಂಕೋಲಾ ಸಂತೆಯ ಬೆಳಚಿಗೆ ಇಲ್ಲ. ಹೊರದೇಶದ ತಟ್ಟೆಗೆ ತೋರಿಸುವ ಕಾಳಜಿ ನಮ್ಮ ಮಕ್ಕಳ ತಟ್ಟೆಗೂ ಬೇಕು ಅಂತ ಕೇಳುವುದರಲ್ಲಿ ತಪ್ಪೇನಿದೆ?

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಿ ಹೇಳಬೇಕು. ಚಿಪ್ಪನ್ನು ಒಂದೆರಡು ದಿನ ಶುದ್ಧ ಮಾಡಿದ ನೀರಿನಲ್ಲಿ ಇಟ್ಟರೆ ಎಲ್ಲ ಕೊಳೆ ಹೋಗುತ್ತದೆ ಅನ್ನುತ್ತಾರೆ. ಬ್ಯಾಕ್ಟೀರಿಯಾ ಬಹುಪಾಲು ಹೋಗುತ್ತದೆ ನಿಜ. ಕ್ಯಾಡ್ಮಿಯಂ, ಸೀಸ ಹೋಗುವುದಿಲ್ಲ, ಅದಕ್ಕೆ ವಾರ, ತಿಂಗಳು ಬೇಕು. ಚೆನ್ನಾಗಿ ಬೇಯಿಸಿದರೂ ಲೋಹ ನಾಶವಾಗುವುದಿಲ್ಲ. ನೀರಿನಂಶ ಇಳಿದು ಉಳಿದ ಮಾಂಸದಲ್ಲಿ ಗ್ರಾಮಿಗೆ ಇನ್ನೊಂಚೂರು ಜಾಸ್ತಿಯೇ ಆದೀತು. ಲೋಹವನ್ನು ಅಡುಗೆಮನೆಯಲ್ಲಿ ತಡೆಯಲು ಆಗುವುದಿಲ್ಲ, ಹೊಳೆಯಲ್ಲೇ ತಡೆಯಬೇಕು.

ಹಾಗಂತ ಚಿಪ್ಪು ತಿನ್ನುವುದನ್ನೇ ಬಿಡಿಸಿಬಿಡೋಣ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕಬ್ಬಿಣ, ಸತು, ಬಿ12, ಒಳ್ಳೆಯ ಪ್ರೋಟೀನು ಇಷ್ಟು ಅಗ್ಗಕ್ಕೆ ಬೇರೆಲ್ಲಿ ಸಿಗುತ್ತದೆ? ಬಸುರಿ, ಬಾಣಂತಿಗೆ ರಕ್ತಹೀನತೆ ಇರುವ ಮನೆಯಲ್ಲಿ ಚಿಪ್ಪು ನಿಲ್ಲಿಸಿದರೆ ಬರುವ ತೊಂದರೆಯನ್ನೂ ಲೆಕ್ಕಕ್ಕೆ ಹಾಕಬೇಕು. ಚಿಪ್ಪು ನಿಂತರೆ ಅದರ ಜಾಗಕ್ಕೆ ಏನು ಬರುತ್ತದೆ ಅಂತ ಕೇಳದೆ ಸಲಹೆ ಕೊಡುವುದು ಅರ್ಧ ಕೆಲಸ.

ಅಘನಾಶಿನಿಯನ್ನು ನೋಡಿ. ಅಣೆಕಟ್ಟು ಇಲ್ಲದೆ ಹರಿಯುವ ಹೊಳೆ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಲ್ಲಿ ನಿಂತು ಬೆಳಚು ಹೆಕ್ಕುವ ಹೆಂಗಸರು, ಗಂಡಸರು ಸಾವಿರದ ಲೆಕ್ಕದಲ್ಲಿದ್ದಾರೆ. 2024ರ ಜನವರಿಯಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. ತದಡಿಯಲ್ಲಿ ಹಿಂದೆ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು ಜನ ವಿರೋಧಿಸಿದ್ದೂ ಇದೇ ಜಾಗ. ಕಲ್ಲಿದ್ದಲ ಬೂದಿಯಲ್ಲಿ ಆರ್ಸೆನಿಕ್, ಪಾದರಸ ಎರಡೂ ಇರುತ್ತವೆ. ಇಂಥ ಜಾಗದಲ್ಲಿ ಮಾಲಿನ್ಯ ಬಂದ ಮೇಲೆ ಅಳೆಯಲು ಹೊರಟರೆ ಹೋಲಿಸಿ ನೋಡಲು ಹಳೆಯ ಅಂಕಿಯೇ ಇರುವುದಿಲ್ಲ. ಹೊಳೆ ಸ್ವಚ್ಛವಾಗಿರುವಾಗಲೇ ಅಳೆದಿಟ್ಟುಕೊಳ್ಳಬೇಕು.

ಅದಕ್ಕೆ ಭಾರೀ ಯೋಜನೆ ಬೇಡ. ಅಳಿವೆಯ ಬಾಯಿ, ನಡು, ಮೇಲ್ಭಾಗ ಅಂತ ಕೆಲವು ಗೊತ್ತಾದ ಜಾಗ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಪ್ರತಿ ಜಾಗದಿಂದ ಒಂದೇ ಜಾತಿಯ, ಒಂದೇ ಅಳತೆಯ ಇಪ್ಪತ್ತು ಮೂವತ್ತು ಚಿಪ್ಪು, ಎಲ್ಲವನ್ನೂ ಕೂಡಿಸಿ ಒಂದು ಮಾದರಿ. ಜೊತೆಗೆ ಅಲ್ಲಿಯದೇ ಕೆಸರು. ಫಲಿತಾಂಶ ಹಸಿ ತೂಕದಲ್ಲೂ ಒಣ ತೂಕದಲ್ಲೂ ಬರೆಯಬೇಕು. ಯಂತ್ರಕ್ಕೆ ಸಿಗದಷ್ಟು ಕಮ್ಮಿ ಇದ್ದರೆ ಸೊನ್ನೆ ಅಂತ ಬರೆಯದೆ, ಯಂತ್ರದ ಕನಿಷ್ಠ ಅಳತೆ ಎಷ್ಟು ಅಂತ ಬರೆಯಬೇಕು. ಅದರ ಜೊತೆಗೆ ಊರಿನ ಮನೆಗಳಲ್ಲಿ ಯಾರು ಎಷ್ಟು ತಿನ್ನುತ್ತಾರೆ ಎಂಬ ಪಟ್ಟಿ, ಅದರಲ್ಲಿ ಎಲ್ಲರಿಗಿಂತ ಜಾಸ್ತಿ ತಿನ್ನುವ ಮನೆಗಳು, ಆ ಮನೆಗಳ ಮಕ್ಕಳು ಬೇರೆಯಾಗಿ ಇರಬೇಕು. ಸರಾಸರಿಯೊಳಗೆ ಅವರು ಕಳೆದುಹೋಗುತ್ತಾರೆ. ಕೊನೆಗೆ ಈ ಅಂಕಿಗಳು ಇಲಾಖೆಯ ಕಪಾಟಿನಲ್ಲಿ ಉಳಿಯದೆ, ಬೆಳಚು ಹೆಕ್ಕುವವರ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರಬೇಕು.